ಚಂದ್ರಗಿರಿ ಹೊಳೆ: ನಕ್ಷೆಯ ಗೆರೆ, ಜನರ ಕಡವು

ಕಾಸರಗೋಡು ಪೇಟೆಯಿಂದ ಕರಾವಳಿಯ ರಸ್ತೆ ಹಿಡಿದು ದಕ್ಷಿಣಕ್ಕೆ ಹೊರಟರೆ ಕೆಲವೇ ನಿಮಿಷಗಳಲ್ಲಿ ಉದ್ದನೆಯ ಸೇತುವೆಯೊಂದು ಎದುರಾಗುತ್ತದೆ. ಕೆಳಗೆ ಹರಿಯುವುದು ಚಂದ್ರಗಿರಿ ಹೊಳೆ. ಬಸ್ಸಿನಲ್ಲಿ ಕುಳಿತವರಿಗೆ ಅದನ್ನು ದಾಟಲು ಹೆಚ್ಚು ಹೊತ್ತು ಬೇಡ. ಆದರೆ ಈ ಹೊಳೆಯ ಹೆಸರು ಕರ್ನಾಟಕ ಮತ್ತು ಕೇರಳಗಳ ಸರಕಾರಿ ಕಡತಗಳಲ್ಲಿ ದಶಕಗಳಿಂದ ಸಿಕ್ಕಿಕೊಂಡಿದೆ. ಹೊಳೆಯ ಉತ್ತರ ದಡ ಯಾರದು, ದಕ್ಷಿಣ ದಡ ಯಾರದು ಎಂಬ ಪ್ರಶ್ನೆಯನ್ನು ಕೇಳಿದವರು ಬಹಳ ಮಂದಿ. ದಡದಲ್ಲಿ ಬದುಕಿದವರ ನೆನಪುಗಳಲ್ಲಿ ಏನಿದೆ ಎಂದು ಕೇಳಿದವರು ಕಡಿಮೆ.

ಇಂದು ಕರ್ನಾಟಕ-ಕೇರಳದ ಗಡಿ ಇರುವುದು ಈ ಹೊಳೆಯಲ್ಲಿ ಅಲ್ಲ. ಕಾಸರಗೋಡು ಪೇಟೆಯಿಂದ ಉತ್ತರಕ್ಕೆ ಸುಮಾರು 35 ಕಿ.ಮೀ. ದೂರದ ತಲಪಾಡಿಯಲ್ಲಿ ಗಡಿ ಇದೆ. ಆದರೂ ಚಂದ್ರಗಿರಿಯನ್ನು ಗಡಿಹೊಳೆ ಎಂದೇ ಕರೆಯುವ ರೂಢಿ ಹೋಗಿಲ್ಲ. ಒಂದು ಕಾಲದಲ್ಲಿ ಇದು ತುಳುನಾಡಿಗೂ ಮಲಯಾಳ ದೇಶಕ್ಕೂ ನಡುವಿನ ಎಲ್ಲೆ ಎಂಬ ನಂಬಿಕೆ ಇತ್ತು. ಮುಂದೆ 1967ರಲ್ಲಿ ಒಂದು ಆಯೋಗ ಇದನ್ನೇ ಎರಡು ರಾಜ್ಯಗಳ ಗಡಿಯಾಗಿಸಬೇಕೆಂದು ಶಿಫಾರಸು ಮಾಡಿತು. ಹಾಗಾದರೆ ಈ ಹೊಳೆ ನಿಜವಾಗಿಯೂ ಎರಡು ನಾಡುಗಳನ್ನು ಬೇರೆ ಮಾಡಿತ್ತೇ? ಅದರ ದಡದ ಹೆಸರುಗಳು, ಕೋಟೆಗಳು, ದೈವಗಳು ಮತ್ತು ಹಿರಿಯರ ಮಾತುಗಳು ಬೇರೆಯೇ ಕಥೆಯನ್ನು ಹೇಳುತ್ತವೆ.

ಹೆಸರಿನಲ್ಲೇ ಎರಡು ಭಾಷೆ

ಚಂದ್ರಗಿರಿಯ ಉದ್ದ ಸುಮಾರು 105 ಕಿ.ಮೀ. ಕೊಡಗಿನ ಕಾಡುಬೆಟ್ಟಗಳಲ್ಲಿ ಇದರ ಮೂಲ. ಇದರ ದೊಡ್ಡ ಕವಲಾದ ಪಯಸ್ವಿನಿ ಸಂಪಾಜೆ, ಅರಂತೋಡು, ಸುಳ್ಯಗಳನ್ನು ಹಾದು, ದಕ್ಷಿಣ ಕನ್ನಡ ಜಿಲ್ಲೆಯ ಅಡಿಕೆ ತೋಟಗಳಿಗೆ ನೀರುಣಿಸಿ ಕೇರಳಕ್ಕೆ ಇಳಿಯುತ್ತದೆ. ಬಾವಿಕ್ಕರೆಯ ಸಮೀಪ ಇನ್ನೊಂದು ಕವಲಿನ ಜೊತೆ ಸೇರಿ, ಅಗಲವಾಗಿ, ತಳಂಗರೆಯ ಪಕ್ಕದಲ್ಲಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಅಂದರೆ ಇದು ಕನ್ನಡ, ಅರೆಭಾಷೆ, ತುಳುಗಳ ಊರುಗಳಲ್ಲಿ ಹರಿದು ಮಲಯಾಳದ ಕಿವಿಗೆ ಬೀಳುವ ಹೊಳೆ.

ಮಲಯಾಳದಲ್ಲಿ ಇದಕ್ಕೆ ಪೆರುಂಪುೞ ಎಂಬ ಇನ್ನೊಂದು ಹೆಸರಿದೆ. ಕನ್ನಡಿಗರಿಗೆ ಈ ಹೆಸರು ಹೊರಗಿನದೆಂದು ಕಾಣಬಹುದು. ಸ್ವಲ್ಪ ನಿಂತು ನೋಡಿದರೆ ಹಾಗಲ್ಲ. ನಮ್ಮ ಇಂದಿನ ‘ಹೊಳೆ’ ಹಳಗನ್ನಡದಲ್ಲಿ ‘ಪೊೞೆ’ ಆಗಿತ್ತು. ಕನ್ನಡ ಕೈಬಿಟ್ಟ ೞ ಎಂಬ ಅಕ್ಷರವನ್ನು ಮಲಯಾಳ ಉಳಿಸಿಕೊಂಡಿದೆ. ಅವರ ‘ಪುೞ’ ಮತ್ತು ನಮ್ಮ ‘ಪೊೞೆ’ ಒಂದೇ ಬೇರಿನ ಮಾತುಗಳು. ‘ಪೆರುಂ’ ಎಂದರೆ ಹಿರಿದು. ಹೆಮ್ಮರ, ಹೆದ್ದಾರಿ, ಹೆಬ್ಬಾಗಿಲು ಎನ್ನುವಾಗ ನಾವು ಬಳಸುವ ‘ಹೆ’ಯೂ ಅದೇ. ಪೆರುಂಪುೞ ಎಂದರೆ ಹೆಬ್ಬೊಳೆ, ಅಷ್ಟೆ. ದೋಣಿ ನಿಲ್ಲುವ ಜಾಗಕ್ಕೆ ಈ ಕಡೆಯವರು ಕಡವು ಎಂದರೆ ಆ ಕಡೆಯವರೂ ಕಡವು ಎನ್ನುತ್ತಾರೆ. ಇಲ್ಲಿ ದೋಣಿ, ಅಲ್ಲಿ ತೋಣಿ.

ಊರ ಹೆಸರುಗಳೂ ಹೀಗೆಯೇ. ‘ಅಡ್ಕ’ ಎಂಬುದು ತುಳುನಾಡಿನ ಮಾತು. ಕಲ್ಲುಪಾರೆಯ ಬಯಲಿಗೆ ಆ ಹೆಸರು. ಹೊಳೆಯ ಉತ್ತರಕ್ಕೆ ಬದಿಯಡ್ಕ ಇದ್ದರೆ ದಕ್ಷಿಣಕ್ಕೆ ಬೇಡಡ್ಕ, ಬಂದಡ್ಕಗಳಿವೆ. ಇನ್ನೂ ದಕ್ಷಿಣಕ್ಕೆ ಹೋದರೆ ಕಾಞಂಗಾಡು ಪೇಟೆ. ಅಲ್ಲಿನ ತಾಲೂಕಿನ ಹೆಸರು ಇಂದಿಗೂ ಹೊಸದುರ್ಗ. ಅದೇ ಪೇಟೆಯಲ್ಲಿ ಪುದಿಯಕೋಟ್ಟ ಎಂಬ ಜಾಗವೂ ಇದೆ. ಎರಡರ ಅರ್ಥವೂ ಒಂದೇ, ಹೊಸ ಕೋಟೆ. ಒಂದು ಕೋಟೆಯನ್ನು ಎರಡು ಭಾಷೆಯ ಜನ ತಮ್ಮ ತಮ್ಮ ನುಡಿಯಲ್ಲಿ ಕರೆದರು, ಎರಡೂ ಹೆಸರುಗಳು ನಿಂತವು. ಯಾರೂ ಇನ್ನೊಂದನ್ನು ಅಳಿಸಬೇಕೆಂದು ಹೊರಟಂತೆ ಕಾಣುವುದಿಲ್ಲ.

ಕೋಟೆ ಕಟ್ಟಿದವರು

ಸೇತುವೆಯ ದಕ್ಷಿಣ ತುದಿಯಲ್ಲಿ, ಹೊಳೆ ಸಮುದ್ರ ಸೇರುವ ಜಾಗವನ್ನು ನೋಡುತ್ತಾ ನಿಂತಿದೆ ಚಂದ್ರಗಿರಿ ಕೋಟೆ. ಸುಮಾರು ಏಳು ಎಕರೆಯ ಚೌಕಾಕಾರದ ಈ ಕೋಟೆಯನ್ನು ಹದಿನೇಳನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದನೆಂದು ಹೇಳಲಾಗುತ್ತದೆ. ಅಲ್ಲಿಂದ ದಕ್ಷಿಣಕ್ಕಿರುವ ಬೇಕಲ ಕೋಟೆಯೂ ಹೊಸದುರ್ಗದ ಕೋಟೆಯೂ ಕೆಳದಿ ಅರಸರ ಕಾಲದವೇ. ಬೇಕಲವಂತೂ ಸುಮಾರು ನಲವತ್ತು ಎಕರೆಯಲ್ಲಿ ಹಬ್ಬಿದ, ಇಂದು ದೇಶದ ಎಲ್ಲ ಕಡೆಯಿಂದ ಪ್ರವಾಸಿಗಳನ್ನು ಸೆಳೆಯುವ ಕೋಟೆ. ಮಲೆನಾಡಿನ ಒಂದು ಅರಸು ಮನೆತನ ಘಟ್ಟವಿಳಿದು ಬಂದು ಈ ಕರಾವಳಿಯಲ್ಲಿ ಸಾಲಾಗಿ ಕೋಟೆಗಳನ್ನು ಕಟ್ಟಿತು. ಸಮುದ್ರದ ವ್ಯಾಪಾರ, ಅದರಲ್ಲೂ ಕಾಳುಮೆಣಸು, ಅಕ್ಕಿಗಳ ವ್ಯಾಪಾರದ ಮೇಲೆ ಹಿಡಿತ ಬೇಕಾಗಿತ್ತು. ದಕ್ಷಿಣದ ಕೋಲತ್ತಿರಿ ಅರಸರ ನಾಡಿನ ಅಂಚಿಗೆ ಕಾವಲೂ ಬೇಕಾಗಿತ್ತು.

ಗಮನಿಸಬೇಕಾದ ಮಾತೆಂದರೆ, ಕೆಳದಿಯವರು ಹೊಳೆಯನ್ನು ತಮ್ಮ ರಾಜ್ಯದ ಕೊನೆ ಎಂದು ಭಾವಿಸಲಿಲ್ಲ. ಅವರು ಕೋಟೆ ಕಟ್ಟಿದ್ದೇ ದಕ್ಷಿಣ ದಡದಲ್ಲಿ. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದಾಗ ಈ ಕೋಟೆಗಳೂ ಅವನ ವಶವಾದವು. 1799ರಲ್ಲಿ ಟಿಪ್ಪು ಮಡಿದ ಮೇಲೆ ಇಂಗ್ಲಿಷ್ ಕಂಪೆನಿ ಇಡೀ ಕರಾವಳಿಯನ್ನು ಕೆನರಾ ಎಂದು ಒಟ್ಟಾಗಿಸಿ ಮದರಾಸಿನ ಆಡಳಿತಕ್ಕೆ ಸೇರಿಸಿತು. 1862ರಲ್ಲಿ ಉತ್ತರ ಕನ್ನಡ ಬೊಂಬಾಯಿ ಪ್ರಾಂತಕ್ಕೆ ಹೋದಾಗಲೂ ದಕ್ಷಿಣ ಕನ್ನಡ ಮದರಾಸಿನಲ್ಲಿಯೇ ಉಳಿಯಿತು. ಬೇಕಲ ಎಂದಿದ್ದ ತಾಲೂಕು ಮುಂದೆ ಕಾಸರಗೋಡು ತಾಲೂಕಾಯಿತು. ಚಂದ್ರಗಿರಿಯ ಎರಡು ದಡಗಳೂ ಆ ಒಂದೇ ತಾಲೂಕಿನಲ್ಲಿದ್ದವು. ಹೀಗೆ ಕೆಳದಿಯ ಕಾಲದಿಂದ 1956ರ ತನಕ, ನಡುವಿನ ಯುದ್ಧಗಳ ಏರುಪೇರನ್ನು ಬಿಟ್ಟರೆ, ಎರಡೂ ದಡಗಳು ಹೆಚ್ಚು ಕಡಿಮೆ ಒಂದೇ ಆಡಳಿತದ ಕೆಳಗೆ ಇದ್ದವು.

ಹಾಗಿದ್ದರೂ ಇದು ಎಲ್ಲೆಯ ಹೊಳೆ ಎಂಬ ತಿಳಿವಳಿಕೆ ಜನರಲ್ಲಿತ್ತು. ಕಂಪೆನಿಯ ಪರವಾಗಿ ದಕ್ಷಿಣ ಭಾರತವನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ 1801ರ ಆರಂಭದಲ್ಲಿ ಇಲ್ಲಿಗೆ ಬಂದ. ಮಲಯಾಳ ಇಲ್ಲಿಗೆ ಮುಗಿದು ತುಳುವ ದೇಶ ಆರಂಭವಾಗುತ್ತದೆ ಎಂಬರ್ಥದ ಮಾತು ಅವನ ಪ್ರವಾಸ ಕಥನದಲ್ಲಿ ಬರುತ್ತದೆ. ನಾಯರ್ ಮನೆತನದ ಹೆಣ್ಣುಮಕ್ಕಳು ಈ ಹೊಳೆಯನ್ನು ದಾಟಬಾರದೆಂಬ ಕಟ್ಟು ಹಿಂದೆ ಇತ್ತೆಂದೂ ಹೇಳುತ್ತಾರೆ. ಅಂದರೆ ರಾಜರಿಗೆ ಇಲ್ಲದ ಗಡಿ ಮನೆಯ ಹೆಂಗಸರಿಗೆ ಇತ್ತು. ಗಡಿ ಎಂಬುದು ಎಲ್ಲರಿಗೂ ಒಂದೇ ರೀತಿ ಇರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ತಳಂಗರೆಯ ಶಾಸನ, ತಳಂಗರೆಯ ಟೋಪಿ

ಹೊಳೆಯ ಉತ್ತರ ದಡದ ತಳಂಗರೆ ಇಂದು ಮುಸ್ಲಿಮರೇ ಹೆಚ್ಚಾಗಿರುವ ಊರು. ಇಲ್ಲಿನ ಮಾಲಿಕ್ ದೀನಾರ್ ಮಸೀದಿ ಬಹಳ ಹಳೆಯದು. ಅರಬ್ ದೇಶದಿಂದ ಬಂದ ಮಾಲಿಕ್ ದೀನಾರ್ ಮತ್ತು ಅವರ ಸಂಗಡಿಗರು ಕರಾವಳಿಯ ಹಲವು ಕಡೆ ಮಸೀದಿಗಳನ್ನು ಸ್ಥಾಪಿಸಿದರು, ಅವುಗಳಲ್ಲಿ ಇದೂ ಒಂದು ಎಂಬುದು ಐತಿಹ್ಯ. ಉರೂಸ್ ನಡೆಯುವಾಗ ಕೇರಳದಿಂದಲೂ ಕರ್ನಾಟಕದಿಂದಲೂ ಸಾವಿರಾರು ಜನ ಬರುತ್ತಾರೆ. ಕೈಹೊಲಿಗೆಯ ತಳಂಗರೆ ಟೋಪಿ ಒಂದು ಕಾಲಕ್ಕೆ ಕಡಲಾಚೆಗೂ ಹೋಗುತ್ತಿತ್ತು. ಮನೆಯ ಹೆಂಗಸರು ಬಿಡುವಿನ ವೇಳೆಯಲ್ಲಿ ಹೊಲಿಯುತ್ತಿದ್ದ ಬಿಳಿ ಟೋಪಿ ಅದು. ಯಂತ್ರದ ಟೋಪಿಗಳು ಅಗ್ಗವಾಗಿ ಬಂದ ಮೇಲೆ ಆ ಕಸುಬು ಬಹಳ ಕುಗ್ಗಿದೆ.

ಇದೇ ತಳಂಗರೆ ಕನ್ನಡದ ಶಾಸನ ಚರಿತ್ರೆಯಲ್ಲಿಯೂ ಬರುತ್ತದೆ ಎಂಬುದು ಅನೇಕರಿಗೆ ತಿಳಿಯದು. ಸುಮಾರು ಹತ್ತನೆಯ ಶತಮಾನದ, ಜಯಸಿಂಹನೆಂಬ ಅರಸನ ಕನ್ನಡ ಶಾಸನ ಇಲ್ಲಿ ದೊರೆತಿದೆ. ಕುಂಬಳೆಯ ಅರಸು ಮನೆತನದ ಚರಿತ್ರೆಯನ್ನು ಬರೆಯುವವರು ಈ ಶಾಸನವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಅದೇ ಕುಂಬಳೆ ಯಕ್ಷಗಾನದ ರಾಮಾಯಣ ಪ್ರಸಂಗಗಳನ್ನು ಬರೆದ ಪಾರ್ತಿಸುಬ್ಬನ ಊರು. ಕಾಸರಗೋಡಿನ ಆಚೀಚೆ ಯಕ್ಷಗಾನ ನೋಡುತ್ತಾ ಬೆಳೆದವರಲ್ಲಿ ಮನೆಮಾತು ಮಲಯಾಳವಾಗಿರುವವರೂ, ತುಳುವಾಗಿರುವವರೂ, ಕೊಂಕಣಿ, ಮರಾಠಿ, ಬ್ಯಾರಿ ಆಡುವವರೂ ಇದ್ದಾರೆ. ಅದಕ್ಕಾಗಿಯೇ ಈ ಜಿಲ್ಲೆಗೆ ‘ಸಪ್ತಭಾಷಾ ಸಂಗಮಭೂಮಿ’ ಎಂಬ ಬಿರುದು. ಭಾಷಣದಲ್ಲಿ ಈ ಬಿರುದನ್ನು ಕೇಳಿ ಕೇಳಿ ಹಳಸಲಾಗಿದ್ದರೂ ಅದು ಸುಳ್ಳಲ್ಲ.

ಹೊಳೆ ದಾಟಿದ ದೈವ

ಗಡಿಯ ಈ ಸೀಮೆಯಲ್ಲಿ ಮನುಷ್ಯರಿಗಿಂತ ದೈವಗಳು ಹೆಚ್ಚು ಓಡಾಡಿವೆ. ಉತ್ತರಕ್ಕೆ ಭೂತಕೋಲ, ದಕ್ಷಿಣಕ್ಕೆ ತೆಯ್ಯಂ ಎಂದು ಸುಲಭಕ್ಕೆ ವಿಂಗಡಿಸುವುದುಂಟು. ಆದರೆ ವಿಷ್ಣುಮೂರ್ತಿ ತೆಯ್ಯದ ಕಥೆ ಈ ವಿಂಗಡಣೆಯನ್ನು ಒಪ್ಪುವುದಿಲ್ಲ.

ನೀಲೇಶ್ವರದಲ್ಲಿ ಪಾಲಂದಾಯಿ ಕಣ್ಣನ್ ಎಂಬ ತೀಯ ಸಮುದಾಯದ ದನಗಾಹಿ ಹುಡುಗನಿದ್ದ. ಮಾವಿನ ಮರ ಹತ್ತಿ ಹಣ್ಣು ತಿನ್ನುವಾಗ ಹಣ್ಣೊಂದು ಜಾರಿ ಊರಿನ ಒಡೆಯ ಕುರುಪ್ಪನ ಸೊಸೆಯ ಮೈಮೇಲೆ ಬಿತ್ತು. ಕುರುಪ್ಪನ ಸಿಟ್ಟಿಗೆ ಹೆದರಿದ ಹುಡುಗ ಊರು ಬಿಟ್ಟು ಉತ್ತರಕ್ಕೆ ಓಡಿ ಮಂಗಳೂರು ಸೇರಿದ. ಅಲ್ಲಿ ಒಬ್ಬ ಮುದುಕಿಯ ಮನೆಯಲ್ಲಿ ಆಸರೆ ಪಡೆದು, ಆ ಮನೆಯಲ್ಲಿ ಪೂಜೆಗೊಳ್ಳುತ್ತಿದ್ದ ವಿಷ್ಣುಮೂರ್ತಿಯನ್ನು ನಂಬಿಕೊಂಡು ವರ್ಷಗಳನ್ನು ಕಳೆದ. ಹನ್ನೆರಡು ವರ್ಷಗಳಾದ ಮೇಲೆ ಊರ ನೆನಪು ಕಾಡಿ ಹಿಂತಿರುಗಿದ. ಕುರುಪ್ಪ ಮರೆತಿರಲಿಲ್ಲ. ಕೆರೆಯಲ್ಲಿ ಮೀಯುತ್ತಿದ್ದ ಕಣ್ಣನನ್ನು ಕೊಂದ. ಬಳಿಕ ಊರಿಗೆ ಬಂದ ಅನಿಷ್ಟಗಳು ದೈವವನ್ನು ನೆಲೆಗೊಳಿಸಿದ ಮೇಲೆಯೇ ಶಮನವಾದವು ಎಂದು ಕಥೆ ಮುಗಿಯುತ್ತದೆ.

ಉಳ್ಳವನ ಸೊಕ್ಕು, ಇಲ್ಲದವನ ಓಟ, ಪರನಾಡಿನ ಆಸರೆ ಎಲ್ಲವೂ ಈ ಕಥೆಯಲ್ಲಿವೆ. ಹುಡುಗ ಓಡಿದ್ದು ಚಂದ್ರಗಿರಿಯನ್ನು ದಾಟಿಯೇ. ದೈವ ಅವನ ಜೊತೆ ಬಂದದ್ದೂ ಅದೇ ಹೊಳೆಯನ್ನು ದಾಟಿ. ಇದೇ ಹೊಳೆಯ ಮೇಲ್ಭಾಗದ ಸುಳ್ಯದ ಕಡೆ ಇಂದಿಗೂ ವಿಷ್ಣುಮೂರ್ತಿಯ ಒತ್ತೆಕೋಲ ನಡೆಯುತ್ತದೆ. ತುಳು, ಅರೆಭಾಷೆ, ಕನ್ನಡ ಆಡುವ ಜನ ರಾತ್ರಿಯಿಡೀ ಕುಳಿತು, ಕೆಂಡದ ರಾಶಿಯ ಎದುರು ಮಲಯಾಳ ಬೆರೆತ ನುಡಿಯಲ್ಲಿ ದೈವ ಆಡುವ ಮಾತನ್ನು ಕೈಮುಗಿದು ಕೇಳುತ್ತಾರೆ. ದೈವದ ಭಾಷೆ ಬೇರೆ ಎಂದು ಎದ್ದು ಹೋದವರಿಲ್ಲ.

ಕಡವಿನ ದಿನಗಳು

ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಮಂಗಳೂರಿನವರೆಗೆ ರೈಲು ಬಂದಾಗ ಚಂದ್ರಗಿರಿಗೆ ರೈಲಿನ ಸೇತುವೆಯಾಯಿತು. ರಸ್ತೆಯ ಸೇತುವೆಗಳು ಬಂದದ್ದು ಬಹಳ ತಡವಾಗಿ. ಅಲ್ಲಿಯವರೆಗೆ ಹಳ್ಳಿಗಳ ಜನರಿಗೆ ದೋಣಿಯೇ ಗತಿ. ಉತ್ತರ ದಡದ ಹಳ್ಳಿಯೊಂದರಲ್ಲಿ ಬಾಲ್ಯ ಕಳೆದ ನನ್ನ ಅಜ್ಜಿಯ ನೆನಪುಗಳಲ್ಲಿ ಕಡವು ಬಹಳ ಸಲ ಬರುತ್ತದೆ. ಆಚೆ ದಡದಿಂದ ಕೂಗು ಹಾಕಿದರೆ ದೋಣಿಯಾತ ಕೂಗಿನಿಂದಲೇ ಇಂಥ ಮನೆಯವರೆಂದು ಗುರುತಿಸುತ್ತಿದ್ದ. ಪರಿಚಯದ ಮನೆಗಳಿಂದ ಅವನು ಪ್ರತಿ ಸಲ ಕಾಸು ಕೇಳುತ್ತಿರಲಿಲ್ಲ. ವರ್ಷಕ್ಕೊಮ್ಮೆ ಕೊಯ್ಲಿನ ಹೊತ್ತಿಗೆ ಬಂದು ಭತ್ತ ಅಳೆಸಿಕೊಂಡು ಹೋಗುತ್ತಿದ್ದ. ಮನೆಯಲ್ಲಿ ಅವನು ಆಡುತ್ತಿದ್ದುದು ಮಲಯಾಳ, ದೋಣಿಯಲ್ಲಿ ತುಳು, ಲೆಕ್ಕ ಹೇಳುವಾಗ ಕನ್ನಡ. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ತುಂಬಿದಾಗ ಮೂರು ನಾಲ್ಕು ದಿನ ದೋಣಿ ಇಲ್ಲ. ಆಚೆಗೆ ಮದುವೆಯಾಗಿ ಹೋದ ಮಗಳ ಸುದ್ದಿಯೂ ಇಲ್ಲ. ಅಜ್ಜಿಯ ಪಾಲಿಗೆ ‘ಆಚೆ’ ಎಂದರೆ ಅಷ್ಟೇ: ಮಳೆ ನಿಂತ ಮೇಲೆ ಹೋಗಿ ಬರುವ ಜಾಗ.

ಅಜ್ಜಿಯ ಮನೆಯ ಮರದ ಪೆಟ್ಟಿಗೆಯಲ್ಲಿ ಭೂಮಿಯ ಹಳೆಯ ಕಾಗದಗಳಿವೆ. 1956ಕ್ಕೆ ಮೊದಲಿನವು ಕನ್ನಡದಲ್ಲಿ, ಉರುಟು ಅಕ್ಷರದ ಗುಮಾಸ್ತರ ಬರವಣಿಗೆಯಲ್ಲಿವೆ. ಗದ್ದೆಯ ಗಡಿಗೆ ಯಾವ ಮರ, ಯಾವ ತೋಡು ಎಂದು ವಿವರವಾಗಿ ಬರೆದಿದೆ. ಆಮೇಲಿನ ರಸೀದಿಗಳು ನಿಧಾನವಾಗಿ ಮಲಯಾಳಕ್ಕೆ ಬದಲಾಗುತ್ತವೆ. ಗದ್ದೆ ಅದೇ, ತೋಡು ಅದೇ, ಸಹಿಯೂ ಕನ್ನಡದಲ್ಲೇ. ಆದರೆ ಸಹಿ ಹಾಕಿದವಳಿಗೆ ತಾನು ಸಹಿ ಹಾಕಿದ ಕಾಗದದಲ್ಲಿ ಏನಿದೆ ಎಂದು ಓದಲು ಬರುವುದಿಲ್ಲ. ಅವಳು ಶಾಲೆ ಕಲಿತವಳು, ಪತ್ರಿಕೆ ಓದುವವಳು. ಒಂದು ಕಾಗದದ ಮಟ್ಟಿಗೆ ಮಾತ್ರ ಅನಕ್ಷರಸ್ಥೆಯಾದಳು. ಮಲಯಾಳ ಮಾತನಾಡಲು ಅವಳಿಗೆ ಯಾವ ತೊಡಕೂ ಇರಲಿಲ್ಲ. ಓದುವ ಅಗತ್ಯ ಹಿಂದೆ ಬಂದಿರಲಿಲ್ಲ, ಅಷ್ಟೆ. ಗಡಿ ವಿವಾದದ ಕುರಿತು ಬಂದಿರುವ ನೂರಾರು ಭಾಷಣಗಳಿಗಿಂತ ಆ ಪೆಟ್ಟಿಗೆ ಹೆಚ್ಚು ಹೇಳುತ್ತದೆ.

ತಾಲೂಕು ಎಂಬ ಘಟಕ

1956ರ ನವೆಂಬರ್ 1ರಂದು ಆದದ್ದೇನು? ಫಜಲ್ ಅಲಿ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗ 1955ರಲ್ಲಿ ವರದಿ ಕೊಟ್ಟಿತು. ದಕ್ಷಿಣ ಕನ್ನಡ ಜಿಲ್ಲೆ ಮೈಸೂರು ರಾಜ್ಯಕ್ಕೆ, ಆದರೆ ಆ ಜಿಲ್ಲೆಯ ಕಾಸರಗೋಡು ತಾಲೂಕು ಕೇರಳಕ್ಕೆ ಎಂಬುದು ಅದರ ನಿರ್ಣಯ. ಇಡೀ ತಾಲೂಕನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಮಲಯಾಳ ಮಾತನಾಡುವವರೇ ಬಹುಸಂಖ್ಯಾತರು ಎಂಬುದು ಆಧಾರ. ತಾಲೂಕನ್ನು ಒಡೆಯದೆ ಒಂದೇ ಘಟಕವೆಂದು ಎಣಿಸಿದಾಗ ಆ ಲೆಕ್ಕ ಸರಿಯೇ. ಆದರೆ ತಾಲೂಕಿನ ಉತ್ತರ ಭಾಗದ ಚಿತ್ರ ಬೇರೆಯೇ ಇತ್ತು. ಅಲ್ಲಿ ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಮರಾಠಿಯನ್ನೋ ಆಡುವವರು ಶಾಲೆಗೆ, ಓದಿಗೆ, ವ್ಯವಹಾರಕ್ಕೆ ಕನ್ನಡವನ್ನು ನೆಚ್ಚಿದ್ದರು. ಮನೆಮಾತಿನ ಲೆಕ್ಕದಲ್ಲಿ ಇದು ಪೂರ್ತಿಯಾಗಿ ಕಾಣಿಸುವುದಿಲ್ಲ.

ಅಸಮಾಧಾನ ಮತಪೆಟ್ಟಿಗೆಯಲ್ಲಿಯೇ ಕಾಣಿಸಿತು. 1957ರಲ್ಲಿ ಕೇರಳದ ಮೊದಲ ವಿಧಾನಸಭೆಗೆ ಚುನಾವಣೆ ನಡೆದಾಗ ಮಂಜೇಶ್ವರದಿಂದ ಎಂ. ಉಮೇಶ್ ರಾವ್ ಪಕ್ಷೇತರರಾಗಿ ನಿಂತು ಅವಿರೋಧವಾಗಿ ಆಯ್ಕೆಯಾದರು. ಬಳಿಕ ಕಳ್ಳಿಗೆ ಮಹಾಬಲ ಭಂಡಾರಿಯವರು ಅದೇ ಕ್ಷೇತ್ರದಿಂದ ಗೆದ್ದು ಕಾಸರಗೋಡಿನ ಕನ್ನಡಿಗರ ದನಿಯಾದರು. 1966ರಲ್ಲಿ ಕೇಂದ್ರ ಸರಕಾರ ಸರ್ವೋಚ್ಚ ನ್ಯಾಯಾಲಯದ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್‌ಚಂದ್ ಮಹಾಜನರ ಆಯೋಗವನ್ನು ನೇಮಿಸಿತು. 1967ರಲ್ಲಿ ಬಂದ ವರದಿ, ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದಿತು. ಕೇರಳ ಒಪ್ಪಲಿಲ್ಲ. ಬೆಳಗಾವಿಯ ವಿಚಾರದಲ್ಲಿ ಮಹಾರಾಷ್ಟ್ರವೂ ಒಪ್ಪಲಿಲ್ಲ. ವರದಿ ಜಾರಿಗೆ ಬರಲಿಲ್ಲ. 1984ರ ಮೇ 24ರಂದು ಕಾಸರಗೋಡು ಕೇರಳದ ಒಂದು ಜಿಲ್ಲೆಯಾಯಿತು.

ಈ ವಾದದ ಎರಡು ಬದಿಗಳಲ್ಲಿ ಇಬ್ಬರು ಕವಿಗಳಿದ್ದರು. ಕಯ್ಯಾರ ಕಿಞ್ಞಣ್ಣ ರೈಗಳು (1915-2015) ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದು ಜೀವಮಾನವಿಡೀ ಹೋರಾಡಿದರು. 1997ರಲ್ಲಿ ಮಂಗಳೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೂ ಆದರು. ತಳಂಗರೆಯ ಟಿ. ಉಬೈದ್ (1908-1972) ಕಾಸರಗೋಡು ಕೇರಳಕ್ಕೆ ಸೇರಬೇಕೆಂದು ಅಷ್ಟೇ ಗಟ್ಟಿಯಾಗಿ ಹೇಳಿದ ಮಲಯಾಳದ ಕವಿ, ಮಾಪಿಳ್ಳ ಹಾಡುಗಳ ವಿದ್ವಾಂಸ. ಹೊರಗಿನಿಂದ ನೋಡಿದರೆ ಇವರು ಎದುರಾಳಿಗಳು. ಆದರೆ ಉಬೈದರು ಕನ್ನಡ ಬಲ್ಲವರಾಗಿದ್ದು ಕನ್ನಡದ ಬರಹಗಳನ್ನು ಮಲಯಾಳಕ್ಕೆ ತಂದರು. ಕಯ್ಯಾರರು ಮಲಯಾಳದ ಮಹಾಕವಿ ಕುಮಾರನ್ ಆಶಾನರ ಕವಿತೆಗಳನ್ನು ಕನ್ನಡಕ್ಕೆ ತಂದರು. ತಮ್ಮ ನೆಲ ಯಾವ ರಾಜ್ಯದಲ್ಲಿರಬೇಕು ಎಂಬಲ್ಲಿ ಅವರಿಗೆ ಭಿನ್ನಮತವಿತ್ತು. ಪಕ್ಕದ ಭಾಷೆಯನ್ನು ಓದಬೇಕು ಎಂಬಲ್ಲಿ ಇರಲಿಲ್ಲ. ಇಂದು ವಾದ ಮಾಡುವವರಲ್ಲಿ ಎಷ್ಟು ಮಂದಿಗೆ ಆ ಅರ್ಹತೆ ಇದೆ?

ತೀರದ ಕಥೆ ಕನ್ನಡಕ್ಕೆ

ಚಂದ್ರಗಿರಿಯ ಹೆಸರನ್ನು ಕನ್ನಡನಾಡಿನ ಮನೆಮನೆಗೆ ತಲುಪಿಸಿದ್ದು ಯಾವ ಆಯೋಗವೂ ಅಲ್ಲ, ಒಂದು ಕಾದಂಬರಿ. ಸಾರಾ ಅಬೂಬಕ್ಕರ್ (1936-2023) ಅವರ ‘ಚಂದ್ರಗಿರಿಯ ತೀರದಲ್ಲಿ’ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಾಗ ಓದುಗರು ಬೆಚ್ಚಿಬಿದ್ದರು. ಗಂಡ, ತಂದೆ ಮತ್ತು ಕಟ್ಟಳೆಗಳ ನಡುವೆ ನಲುಗುವ ನಾದಿರಾ ಎಂಬ ಹೆಣ್ಣುಮಗಳ ಕಥೆ ಅದು. ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅವರ ಮನೆಮಾತು ಮಲಯಾಳ, ಶಾಲೆಯಲ್ಲಿ ಕಲಿತದ್ದು ಕನ್ನಡ. ಮುಸ್ಲಿಂ ಹೆಣ್ಣುಮಕ್ಕಳು ಶಾಲೆಗೆ ಹೋಗುವುದೇ ಅಪರೂಪವಾಗಿದ್ದ ಕಾಲದಲ್ಲಿ ಅವರು ಓದಿದರು. ಮನೆಯೊಳಗೆ ಮಲಯಾಳದಲ್ಲಿ ನಡೆದ ಬದುಕನ್ನು ಕನ್ನಡದಲ್ಲಿ ಬರೆದರು.

ಸಾರಾ ಅವರಿಗೆ ಕನ್ನಡದ ಶಾಲೆ ಸಿಗದೇ ಹೋಗಿದ್ದರೆ ಈ ಕಾದಂಬರಿ ಕನ್ನಡದಲ್ಲಿ ಹುಟ್ಟುತ್ತಿರಲಿಲ್ಲ. ಗಡಿನಾಡಿನ ಒಂದು ಸಾಮಾನ್ಯ ಶಾಲೆ ಏನು ಮಾಡಬಲ್ಲದು ಎಂಬುದಕ್ಕೆ ಇದು ಸಾಕ್ಷಿ. ಆದ್ದರಿಂದಲೇ ಇಂದಿನ ಕನ್ನಡ ಶಾಲೆಗಳ ಪ್ರಶ್ನೆ ಬರಿಯ ಹಠದ ಪ್ರಶ್ನೆಯಲ್ಲ.

ಈಗಿನ ಪ್ರಶ್ನೆಗಳು

ಕಾಸರಗೋಡು ಜಿಲ್ಲೆಯಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. ಭಾಷಾ ಅಲ್ಪಸಂಖ್ಯಾತರಿಗೆ ಕೆಲವು ರಕ್ಷಣೆಗಳೂ ಇವೆ. ಆದರೆ ಕನ್ನಡ ಬಾರದ ಶಿಕ್ಷಕರನ್ನು ಕನ್ನಡ ತರಗತಿಗಳಿಗೆ ನೇಮಿಸಿದ್ದರ ವಿರುದ್ಧ ಮಕ್ಕಳು ಮತ್ತು ಪೋಷಕರು ಪದೇ ಪದೇ ಬೀದಿಗಿಳಿಯಬೇಕಾಗಿ ಬಂತು. 2017ರಲ್ಲಿ ಕೇರಳ ಸರಕಾರ ಶಾಲೆಗಳಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯ ಮಾಡುವ ಕಾನೂನು ತಂದಾಗ ಕಾಸರಗೋಡಿನಲ್ಲಿ ದೊಡ್ಡ ಪ್ರತಿಭಟನೆ ನಡೆಯಿತು. 2018ರಲ್ಲಿ ತೆರೆಗೆ ಬಂದ ರಿಷಬ್ ಶೆಟ್ಟಿ ನಿರ್ದೇಶನದ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು’ ಚಿತ್ರ ಈ ಸಂಕಟವನ್ನು ನಗುವಿನೊಂದಿಗೆ ಹೇಳಿ ರಾಷ್ಟ್ರಪ್ರಶಸ್ತಿ ಪಡೆಯಿತು. ಕರ್ನಾಟಕದ ಪ್ರೇಕ್ಷಕರು ಚಿತ್ರಮಂದಿರದಲ್ಲಿ ಚಪ್ಪಾಳೆ ತಟ್ಟಿದರು.

ಚಪ್ಪಾಳೆ ತಟ್ಟಿದ ನಾವು ಇನ್ನೊಂದನ್ನೂ ನೆನಪಿಡಬೇಕು. 2020ರ ಮಾರ್ಚ್‌ನಲ್ಲಿ ಕೊರೋನಾ ಹರಡಿದಾಗ ಕರ್ನಾಟಕ ಗಡಿಯ ರಸ್ತೆಗಳನ್ನು ಮುಚ್ಚಿತು. ಹಲವು ಕಡೆ ರಸ್ತೆಯ ಮೇಲೆ ಮಣ್ಣು ಸುರಿಯಲಾಯಿತು. ಕಾಸರಗೋಡಿನ ಜನ ತಲೆಮಾರುಗಳಿಂದ ಚಿಕಿತ್ಸೆಗೆ ಹೋಗುತ್ತಿದ್ದುದು ಮಂಗಳೂರಿಗೆ. ತಲಪಾಡಿಯಲ್ಲಿ ಆಂಬುಲೆನ್ಸ್‌ಗಳು ನಿಂತವು. ಸಕಾಲಕ್ಕೆ ಆಸ್ಪತ್ರೆ ತಲುಪಲಾಗದೆ ಹಲವರು ಸತ್ತರೆಂದು ಆಗ ವರದಿಯಾಯಿತು. ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಗಿ, ಏಪ್ರಿಲ್‌ನಲ್ಲಿ ರೋಗಿಗಳಿಗೆ ದಾರಿ ತೆರೆಯಿತು. ಹಾಗೆ ತಡೆಯಲ್ಪಟ್ಟವರಲ್ಲಿ ಕನ್ನಡಿಗರು ಯಾರು, ಮಲಯಾಳಿಗರು ಯಾರು ಎಂದು ಮಣ್ಣಿನ ರಾಶಿ ಕೇಳಲಿಲ್ಲ. ‘ಕಾಸರಗೋಡು ನಮ್ಮದು’ ಎಂದು ಹೇಳುವ ನಾಡು ಅಂದು ಆ ನಮ್ಮವರಿಗೆ ಬಾಗಿಲು ಹಾಕಿತ್ತು. ಗಡಿಯ ಗೆರೆ ಎಲ್ಲಿದ್ದರೂ ಅದು ಕಡವಿನಂತೆ ತೆರೆದಿದ್ದರೆ ಮಾತ್ರ ಈ ಸೀಮೆಯ ಬದುಕು ನಡೆಯುತ್ತದೆ ಎಂಬುದನ್ನು ಆ ಹತ್ತು ಹನ್ನೆರಡು ದಿನಗಳು ತೋರಿಸಿದವು.

ನೀರಿನ ವಿಷಯದಲ್ಲಂತೂ ಈ ಸೀಮೆ ಎಂದೂ ಒಂದೇ. ಮುರಕಲ್ಲಿನ ಗುಡ್ಡದ ಹೊಟ್ಟೆಯನ್ನು ಅಡ್ಡಲಾಗಿ ಕೊರೆದು ನೀರು ಹರಿಸುವ ಸುರಂಗಗಳು ಕಾಸರಗೋಡಿನ ಬಾಯಾರು, ಶೇಣಿಗಳಲ್ಲಿಯೂ ಗಡಿಯ ಈಚೆ ಮಾಣಿಲದಲ್ಲಿಯೂ ಇವೆ. ಒಬ್ಬ ಮನುಷ್ಯ ನುಸುಳುವಷ್ಟು ಅಗಲದ ಈ ಸುರಂಗಗಳಿಂದ ಪಂಪಿನ ಹಂಗಿಲ್ಲದೆ ನೀರು ತಾನಾಗಿ ಹರಿದು ಬರುತ್ತದೆ. ಮಳೆ ಮುಗಿದ ಮೇಲೆ ಊರವರೆಲ್ಲ ಸೇರಿ ತೋಡಿಗೆ ಅಡ್ಡಲಾಗಿ ಕಲ್ಲು, ಮಣ್ಣು, ಮರದ ಕಂಬಗಳಿಂದ ಹಾಕುವ ‘ಕಟ್ಟ’ಗಳೂ ಎರಡೂ ಕಡೆಯ ರೂಢಿ. ಕೊಳವೆಬಾವಿಗಳು ಬಂದ ಮೇಲೆ ಸುರಂಗ ಕೊರೆಯುವ ಕಸುಬುದಾರರು ಅಪರೂಪವಾಗಿದ್ದಾರೆ. ಚಂದ್ರಗಿರಿಗೆ ಬೇಸಿಗೆಯಲ್ಲಿ ಸಮುದ್ರದ ಉಪ್ಪುನೀರು ಬಹಳ ಒಳಗಿನವರೆಗೆ ಏರಿ ಬರುತ್ತಿತ್ತು. ಕಾಸರಗೋಡು ಪೇಟೆಯವರು ವರ್ಷಗಟ್ಟಲೆ ನಲ್ಲಿಯಲ್ಲಿ ಉಪ್ಪುನೀರನ್ನೇ ಕುಡಿದರು. ಬಾವಿಕ್ಕರೆಯಲ್ಲಿ ಅದನ್ನು ತಡೆಯುವ ಅಣೆಕಟ್ಟು ಆದದ್ದು ಇತ್ತೀಚಿನ ವರ್ಷಗಳಲ್ಲಿ. ಆ ಉಪ್ಪು ಎಲ್ಲ ಭಾಷೆಯವರ ನಾಲಗೆಗೂ ಒಂದೇ ಆಗಿತ್ತು.

ಕಾಸರಗೋಡಿನ ಬಗ್ಗೆ ಕರ್ನಾಟಕದಲ್ಲಿ ಮಾತು ಏಳುವುದು ವರ್ಷಕ್ಕೊಮ್ಮೆ, ನವೆಂಬರ್ ತಿಂಗಳಲ್ಲಿ. ಮಹಾಜನ ವರದಿಯ ಉಲ್ಲೇಖವಾಗುತ್ತದೆ, ನಿರ್ಣಯವಾಗುತ್ತದೆ, ಮುಂದಿನ ನವೆಂಬರಿಗೆ ಮತ್ತೆ ನೆನಪಾಗುತ್ತದೆ. ಕಳೆದುಹೋದ ನೆಲ ಎಂದು ಮಾತ್ರ ಕಾಸರಗೋಡನ್ನು ಕಂಡರೆ, ಅಲ್ಲಿ ಇನ್ನೂ ಉಳಿದಿರುವುದನ್ನು ಉಳಿಸುವ ಕೆಲಸ ಮರೆತುಹೋಗುತ್ತದೆ. ಆಗಬೇಕಾದ ಕೆಲಸಗಳು ದೊಡ್ಡವೇನಲ್ಲ. ಮನೆಗಳ ಪೆಟ್ಟಿಗೆಯಲ್ಲಿರುವ ಹಳೆಯ ಕನ್ನಡ ಕಾಗದಗಳ ಪ್ರತಿ ತೆಗೆದಿಡಬೇಕು. ಕಡವಿನ ದಿನಗಳನ್ನು ಕಂಡ ಹಿರಿಯರು ಇರುವಾಗಲೇ ಅವರ ಮಾತುಗಳನ್ನು ಬರೆದುಕೊಳ್ಳಬೇಕು, ಮಲಯಾಳ ಆಡುವವರ ಮಾತುಗಳನ್ನೂ. ಕನ್ನಡದ ತರಗತಿಗೆ ಕನ್ನಡ ಬಲ್ಲ ಶಿಕ್ಷಕರು ಸಿಗಬೇಕು. ಓದು ಮುಗಿಸಿದ ಗಡಿನಾಡಿನ ಮಕ್ಕಳಿಗೆ ಕರ್ನಾಟಕದಲ್ಲಿ ಪರಕೀಯರೆಂಬ ಭಾವನೆ ಬರಬಾರದು. ಕರ್ನಾಟಕದ ಕನ್ನಡಿಗರಲ್ಲಿ ಒಂದಿಷ್ಟು ಮಂದಿಯಾದರೂ, ಕಯ್ಯಾರರಂತೆ, ಮಲಯಾಳವನ್ನು ಓದಲು ಕಲಿಯಬೇಕು.

ಇವುಗಳಲ್ಲಿ ಯಾವುದಕ್ಕೂ ಆಯೋಗ ಬೇಕಿಲ್ಲ, ನಕ್ಷೆ ತಿದ್ದಬೇಕಾಗಿಲ್ಲ. ಕಡವಿನ ದೋಣಿಯನ್ನು ಕಂಡವರಿಗೆ ಈಗ ಎಂಬತ್ತರ ಹತ್ತಿರದ ವಯಸ್ಸು. ಅವರ ಮಾತನ್ನು ಬರೆದುಕೊಳ್ಳಲು ಮುಂದಿನ ನವೆಂಬರಿನವರೆಗೆ ಕಾಯುವುದು ಬೇಡ.